ಪಾವಗಡದ ಸುತ್ತ ಎಳೆದ ವೃತ್ತ

ಪಾವಗಡದ ಜವಳಿ ಅಂಗಡಿ ಸಾಹುಕಾರರ ಹೆಸರು ಫೋನಿನಲ್ಲಿ ಮೂಡಿದರೆ ಮೊದಲು ಎರಡು ರಿಂಗು ಹೆದರಿಕೊಂಡೇ ಕೇಳುತ್ತೇನೆ, ಆಮೇಲೆ ಫೋನ್ ಎತ್ತುತ್ತೇನೆ. ಬೇರೆ ಯಾರು ಮಾಡಿದರೂ ಹೆಚ್ಚುಕಮ್ಮಿ ಹೀಗೇ ಎನ್ನಿ. ಗ್ಯಾಸ್ ಸಿಲಿಂಡರಿನವನು ಫೋನ್ ಮಾಡಿದರೂ ನಾನು ಯಾರೋ ಹೋಗಿಬಿಟ್ಟರೇನೋ ಎಂಬ ಮುಖ ಮಾಡಿಕೊಂಡು ಹಲೋ ಅನ್ನುತ್ತೇನೆ ಎನ್ನುವುದು ನನ್ನ ಹೆಂಡತಿಯ ದೂರು. ಆದರೆ ಪಾವಗಡದ ಕರೆಗೆ ಹೆದರಲು ಸರಿಯಾದ ಕಾರಣವಿತ್ತು. ಆ ಸಾಹುಕಾರರು ನನಗೆ ಉಳಿದಿದ್ದ ಕೊನೆಯ ಗಿರಾಕಿ.

ನನ್ನದು ಜಾಹೀರಾತಿನ ಕಸುಬು. ಮಧುಗಿರಿಯಲ್ಲಿ ಒಂದು ಮಹಡಿ ಮೇಲಿನ ರೂಮು, ಬೇಸಿಗೆಯಲ್ಲಿ ನನಗಿಂತ ಮೊದಲು ಬಿಸಿಯಾಗುವ ಒಂದು ಕಂಪ್ಯೂಟರು, ನಾಲ್ಕು ತಾಲ್ಲೂಕುಗಳ ಅಂಗಡಿ ಬೀದಿಗಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕರಲ್ಲಿ ಯಾರು ಅಂಗಡಿ ತೆರೆದರೂ, ಯಾರು ಟ್ಯುಟೋರಿಯಲ್ ಶುರು ಮಾಡಿದರೂ, ಯಾರ ಮನೆಯ ಹಿರಿಯರು ತೀರಿಕೊಂಡರೂ ಒಂದು ಕಾಲದಲ್ಲಿ ನನ್ನ ಮೆಟ್ಟಿಲು ಹತ್ತಿ ಬರುತ್ತಿದ್ದರು. ಪೇಪರಿಗೆ ಜಾಹೀರಾತು ಕಳಿಸುವವನು ನಾನೇ. ಲೋಕಲ್ ಚಾನೆಲ್ಲಿನಲ್ಲಿ ಹಳೇ ಸಿನಿಮಾ ಓಡುವಾಗ ಪರದೆಯ ಕೆಳಗೆ ಹರಿಯುತ್ತಿದ್ದ ಪಟ್ಟಿಯನ್ನು ಬರೆಯುತ್ತಿದ್ದವನೂ ನಾನೇ. ನಾಯಕಿ ಅಳುವಾಗ ಅವಳ ಗಲ್ಲದ ಕೆಳಗೆ "ಮೊಳೆರೋಗಕ್ಕೆ ಶಾಶ್ವತ ಪರಿಹಾರ" ಎಂದು ಹರಿಸಿದ ಪಾಪವೂ ನನ್ನದೇ.

ಇಷ್ಟರಲ್ಲೂ ನಾನು ಒಂದು ವಿಷಯಕ್ಕೆ ಎದೆಯುಬ್ಬಿಸುತ್ತಿದ್ದೆ. ಪಾವಗಡದ ಜವಳಿ ಅಂಗಡಿಯ ಕರಪತ್ರ. ಮುಂದುಗಡೆ "ಧಾರೆ ಸೀರೆಯಿಂದ ಬೀಗರ ಪಂಚೆಯವರೆಗೆ" ಎಂಬ ನನ್ನ ಸಾಲು, ಹಿಂದುಗಡೆ ಆ ವರ್ಷದ ಮದುವೆ ಮುಹೂರ್ತಗಳು, ರಾಹುಕಾಲ, ಗುಳಿಕಕಾಲ. ಹಿಂದುಗಡೆ ಖಾಲಿ ಬಿಟ್ಟ ಕರಪತ್ರ ಬೋಂಡಾ ಕಟ್ಟಲು ಹೋಗುತ್ತದೆ, ಮುಹೂರ್ತ ಹಾಕಿದ್ದು ಗೋಡೆಯ ಮೊಳೆಗೆ ಹೋಗುತ್ತದೆ. ಇದನ್ನು ಕಂಡುಕೊಳ್ಳಲು ನನಗೆ ಯಾವ ಓದೂ ಬೇಕಾಗಿರಲಿಲ್ಲ, ಬೋಂಡಾ ಸಾಕಾಗಿತ್ತು. ಬರಗೂರು, ತಾವರೆಕೆರೆ, ನಾಗಲಮಡಿಕೆಗೆ ಹೋಗುವ ಪೇಪರ್ ಕಟ್ಟುಗಳೊಳಗೆ ಅದನ್ನು ಹಾಕಿಸುತ್ತಿದ್ದೆ. ನಮ್ಮ ಕಡೆ ಮದುವೆ ಜವಳಿ ತೆಗೆಯಲು ಮನೆಮಂದಿಯಲ್ಲ, ಅರ್ಧ ಊರು ಹೊರಡುತ್ತದೆ. ಆ ಗುಂಪಿನ ಹಿರಿಯಜ್ಜಿ ಅಂಗಡಿಯ ಹಾಸಿನ ಮೇಲೆ ಕೂತು, ಎಲೆಅಡಿಕೆ ಚೀಲದಿಂದ ಸುಣ್ಣದ ಕಲೆಯಾದ ನನ್ನ ಕರಪತ್ರ ಬಿಡಿಸಿ, "ಇದ್ರಾಗೆ ಬರ್ದೈತಲ್ಲ, ಅದ್ನೆ ತೋರ್ಸಪ್ಪ" ಎಂದು ಕೇಳಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ದಿನ ಮಧುಗಿರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ನಾನು ಯಾರ ಮೇಲೂ ಸಿಡುಕಲಿಲ್ಲ.

ಈಗ ಟೀ ಅಂಗಡಿಯಲ್ಲಿ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಏನ್ ಸಾ, ಪೇಪರ್ ಜಾಹೀರಾತು, ಟೀವಿ ಜಾಹೀರಾತು ಎಲ್ಲಾ ಹೋಯ್ತಂತೆ? ಬರೀ ಫೋನಂತೆ?" ಕೇಳುವವರ ದನಿಯಲ್ಲಿ ಹುಷಾರಿಲ್ಲದವರನ್ನು ವಿಚಾರಿಸುವ ಮರುಕ. ಹೋಗಿಲ್ಲ ಎಂದು ನಾನು ಹೇಳುತ್ತೇನೆ, ಅದು ಸುಳ್ಳೂ ಅಲ್ಲ. ಚಿನ್ನದವರು, ಕಾರಿನವರು, ಸರ್ಕಾರದವರು ಇವತ್ತಿಗೂ ಪೇಪರಿನ ಮುಖಪುಟವನ್ನೇ ಇಡಿಯಾಗಿ ಹೊದ್ದುಕೊಂಡು ಬರುತ್ತಾರೆ. ಟೀವಿಯಲ್ಲಿ ಸೋಪು, ತಂಪು ಪಾನೀಯ ಹಾಗೇ ಇವೆ. ಹೋಗಿರುವುದು ಅದರ ಕೆಳಗಿನದು. ಕೊರಟಗೆರೆಯ ಟ್ಯುಟೋರಿಯಲ್, ಶಿರಾದ ಮಂಚದ ಅಂಗಡಿ, ಕಳೆದುಹೋದ ಅಂಕಪಟ್ಟಿ, ತಾತನ ಶ್ರದ್ಧಾಂಜಲಿ. ದೊಡ್ಡ ಮರಕ್ಕೆ ಏನೂ ಆಗಿಲ್ಲ. ಕೆಳಗೆ ಮೇಯುತ್ತಿದ್ದ ಆಡುಗಳಿಗೆ ಸೊಪ್ಪು ಎಟುಕುತ್ತಿಲ್ಲ ಅಷ್ಟೆ. ಆಡು ಯಾರು ಎಂದು ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಗಿರಾಕಿಗಳು ಜಗಳ ಮಾಡಿ ಹೋಗಿದ್ದರೆ ಸಮಾಧಾನವಿರುತ್ತಿತ್ತು. ನಗುನಗುತ್ತಾ, ಟೀ ಕುಡಿಸಿ ಬಿಟ್ಟರು. ಶಿರಾದ ಮಂಚದ ಅಂಗಡಿಯವರನ್ನು ರಂಜಾನ್ ಪುರವಣಿಗೆ ಜಾಹೀರಾತು ಕೇಳಲು ಹೋಗಿದ್ದೆ. ಕುರ್ಚಿ ಎಳೆದು ಕೂರಿಸಿದರು.

"ಅರೆ ಭಾಯ್, ಪೇಪರ್ ಈಗ ಯಾರ್ ಓದ್ತಾರೆ ಹೇಳಿ? ನಮ್ ಮನೇಲಿ ಅಬ್ಬಾ ಒಬ್ರು ಓದ್ತಿದ್ರು."

"ಅವರಿಗೋಸ್ಕರನಾದ್ರೂ ಹಾಕ್ಸಿ" ಎಂದೆ.

"ಅವ್ರಿಗೂ ಈಗ ಕಣ್ಣು ಕಾಣಲ್ಲ, ಭಾಯ್. ಮೊಮ್ಮಗಳು ಫೋನಲ್ಲಿ ಹಾಕ್ಕೊಡ್ತಾಳೆ, ಕೇಳಿಸ್ಕೊತಾರೆ. ಬಿಸ್ಕತ್ ತಗೊಳ್ಳಿ."

ಬಿಸ್ಕತ್ ತಗೊಂಡೆ.

ಹಾಗಾಗಿ ಪಾವಗಡದ ಸಾಹುಕಾರರು ಒಂದು ದಿನ "ಸಾ, ಈ ಸೀಜನ್‌ಗೆ ನಂದೂ ಫೋನಲ್ ಬರೋ ಹಂಗೆ ಮಾಡ್ಬುಡಿ. ನಿಮ್ ಕೈಲಾಗ್ದಿದ್ರೆ ಹೇಳಿ, ತುಮಕೂರಲ್ಲಿ ಯಾರೋ ಅವ್ರಂತೆ" ಎಂದಾಗ ನಾನು ಉಸಿರು ತೆಗೆದುಕೊಳ್ಳದೆ, "ಅಯ್ಯೋ, ಅದನ್ನ ನಾನು ಎರಡು ವರ್ಷದಿಂದ ಮಾಡ್ತಾ ಇದೀನಲ್ಲ ಸಾಹುಕಾರ್ರೇ" ಎಂದುಬಿಟ್ಟೆ. ಅಲ್ಲಿಯವರೆಗೆ ನಾನು ಫೋನಿನಲ್ಲಿ ಮಾಡಿದ್ದ ಅತಿ ದೊಡ್ಡ ಡಿಜಿಟಲ್ ಕೆಲಸವೆಂದರೆ ಕರೆಂಟ್ ಬಿಲ್ ಕಟ್ಟಿದ್ದು. ಅದನ್ನೂ ಹೋಯಿತೋ ಇಲ್ಲವೋ ಎಂದು ಅನುಮಾನ ಬಂದು ಎರಡು ಸಲ ಕಟ್ಟಿದ್ದೆ.

ಇದು ಕೈತಪ್ಪಿದರೆ ರೂಮಿಗೆ ಬೀಗ ಹಾಕುವುದೇ. ಅದು ನನಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು. ನಾನು ಕನ್ನಡಕ ಏರಿಸಿಕೊಂಡು, ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿಯಲು ಕೂತೆ. ಫೋಟೋ ಬೇಕೆಂದರು ವಿಡಿಯೋದವರು, ಸಾಹುಕಾರರು ಸೀರೆಗಳ ಫೋಟೋ ಕಳಿಸಿದರು. ಬರಹ ಬೇಕೆಂದರು, ಅದಕ್ಕೆ ನಾನಿದ್ದೇನೆ. ಒಂದಿಡೀ ದಿನ ಕೂತು ಬರೆದೆ, ಅಳಿಸಿದೆ, ಬರೆದೆ. ಅಂಗಡಿಯವರಿಗೆ ತೊಂದರೆಯಾಗದಿರಲಿ, ಬಂದ ಕರೆಗಳೆಲ್ಲ ನನ್ನ ಮೂಲಕವೇ ಹೋಗಲಿ, ನನ್ನ ಬೆಲೆ ತಿಳಿಯಲಿ ಎಂದು ನನ್ನ ಫೋನ್ ನಂಬರನ್ನೇ ಕೊಟ್ಟೆ. ಕೊನೆಗೆ ಜಾಹೀರಾತು ಹಾಕುವ ಆ್ಯಪ್ ಕೇಳಿತು, ಜಾಹೀರಾತು ಯಾವ ಊರಿನವರಿಗೆ ಕಾಣಬೇಕು?

ಭೂಪಟ ಬಂತು. ಪಾವಗಡದ ಮೇಲೆ ಬೆರಳಿಟ್ಟೆ. ಒಂದು ವೃತ್ತ ಮೂಡಿತು. ಆ ವೃತ್ತವನ್ನು ಹಿಗ್ಗಿಸುತ್ತಾ ಹೋದೆ. ಮಧುಗಿರಿ ಒಳಗೆ ಬಂತು, ಶಿರಾ ಬಂತು, ಇನ್ನಷ್ಟು ಹಿಗ್ಗಿಸಿದಾಗ ಕೊರಟಗೆರೆಯೂ ಬಂತು. ನಾಲ್ಕು ತಾಲ್ಲೂಕೂ ಒಂದೇ ವೃತ್ತದೊಳಗೆ! ಮೂವತ್ತು ವರ್ಷ ಬಸ್ಸಿನಲ್ಲಿ ಸುತ್ತಿದ ಸೀಮೆ ಒಂದು ಬೆರಳಿನ ಕೆಳಗೆ ಬಂದದ್ದನ್ನು ಕಂಡು ಹೆಂಡತಿಯನ್ನು ಕರೆದು ತೋರಿಸಿದೆ. "ದುಂಡಗಿದೆ" ಎಂದಳು.

ಈ ತಪ್ಪನ್ನು ಬೆಂಗಳೂರಿನವರು ಮಾಡುತ್ತಿರಲಿಲ್ಲ. ನಮ್ಮ ಕಡೆಯವರೇ ಮಾಡಬೇಕು. ಪಾವಗಡಕ್ಕೆ ಮೂರು ಕಡೆಯೂ ಆಂಧ್ರ. ನಮ್ಮ ಜಿಲ್ಲೆಯದೇ ತಾಲ್ಲೂಕಾದರೂ ಮಧುಗಿರಿಯಿಂದ ಹೊರಟ ಬಸ್ಸು ಮಿಡಿಗೇಶಿ ದಾಟಿದ ಮೇಲೆ ಆಂಧ್ರದೊಳಗೆ ಹಾದು ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಆ ಭಾಗ ಬಂದಾಗ ಬೋರ್ಡುಗಳ ಅಕ್ಷರ ಬದಲಾಗುತ್ತದೆ, ನಾವು ಕಣ್ಣು ಮುಚ್ಚಿ ತೂಕಡಿಸುತ್ತೇವೆ, ಎಚ್ಚರವಾಗುವಷ್ಟರಲ್ಲಿ ಮತ್ತೆ ನಮ್ಮೂರು. ಹೀಗೆ ತೂಕಡಿಸಿ ತೂಕಡಿಸಿ ನಮ್ಮ ಮನಸ್ಸಿನ ಭೂಪಟದಲ್ಲಿ ಆಂಧ್ರವೇ ಇಲ್ಲ. ಪಾವಗಡ ಮಧುಗಿರಿಗೆ ಅಂಟಿಕೊಂಡೇ ಇದೆ. ನನ್ನ ಕರಪತ್ರಗಳಿಗೂ ಹಾಗೇ ಇತ್ತು. ಕನ್ನಡ ಪೇಪರಿನ ಕಟ್ಟು ಗಡಿಯ ಈಚೆಗೇ ನಿಲ್ಲುತ್ತಿತ್ತು, ಕೇಬಲ್ಲಿನ ವೈರೂ ಅಲ್ಲೇ ಮುಗಿಯುತ್ತಿತ್ತು. ಗಡಿಯ ಚಿಂತೆ ನಾನು ಮಾಡಬೇಕಾಗೇ ಇರಲಿಲ್ಲ. ಬೇರೆಲ್ಲ ಚಿಂತೆ ಮಾಡಿದೆ. ಬಟನ್ ಒತ್ತುವ ಮುಂಚೆ ಫೋಟೋದಲ್ಲಿನ ಸೀರೆಯ ಸೆರಗು ತಿರುಗುಮುರುಗಾಗಿದೆಯೇನೋ ಎಂದು ಹೆಂಡತಿಯಿಂದ ಪರೀಕ್ಷೆ ಮಾಡಿಸಿದೆ. ಆಮೇಲೆ ಒತ್ತಿದೆ.

ಆವತ್ತೆಲ್ಲ ಫೋನು ಮುಂದಿಟ್ಟುಕೊಂಡು ಕೂತಿದ್ದೆ. "ಏನ್ರೀ, ಮೊಟ್ಟೆ ಮೇಲೆ ಕುಂತ ಕೋಳಿ ಥರ" ಎಂದು ಹೆಂಡತಿ ಅಂದಳು. ಸಂಜೆಗೆ ಮೊದಲ ಕರೆ ಬಂತು.

"ಅನ್ನಾ, ಪೆಳ್ಳಿ ಚೀರಲು ಎಕ್ಕಡ ಅನ್ನಾ?"

ಮದುವೆ ಸೀರೆ ಎಲ್ಲಿ ಅಂತ ಒಂದು ಹೆಣ್ಣುದನಿ ತೆಲುಗಿನಲ್ಲಿ ಕೇಳುತ್ತಿತ್ತು. ಪಾವಗಡದಲ್ಲಿ ತೆಲುಗು ಮಾತಾಡುವವರು ಬೇಕಾದಷ್ಟಿದ್ದಾರೆ, ವಿಶೇಷವೇನಲ್ಲ. ನನಗೆ ಬರುವ ತೆಲುಗು ಸಿನಿಮಾ ನೋಡಿ ಕಲಿತದ್ದು. ಅದರಲ್ಲಿ ಬೈಯಬಹುದು, ಸವಾಲು ಹಾಕಬಹುದು, ವ್ಯಾಪಾರ ಮಾಡುವುದು ಕಷ್ಟ. "ಪಾವಗಡಲೋ ಅಮ್ಮಾ, ಬಸ್ ಸ್ಟ್ಯಾಂಡ್ ದಗ್ಗರ" ಎಂದೆ, ಬಸ್ ಸ್ಟ್ಯಾಂಡ್ ಹತ್ತಿರ ಅಂತ. ಎರಡನೆಯದೂ ತೆಲುಗು. ಮೂರನೆಯವನು ಹಿಂದೂಪುರದಿಂದ. ಆಮೇಲಿನವರು ಪೆನುಕೊಂಡ. ಕಲ್ಯಾಣದುರ್ಗದ ಒಬ್ಬರು ಬೀಗರನ್ನೂ ಲೈನಿಗೆ ಸೇರಿಸಿಕೊಂಡು ಮಾತಾಡಿದರು. ಮಧುಗಿರಿ, ಶಿರಾ, ಕೊರಟಗೆರೆಯಿಂದ ಒಂದು ಕರೆಯೂ ಇಲ್ಲ.

ಭೂಪಟ ತೆಗೆದು ಹಿಗ್ಗಿಸಿ ನೋಡಿದೆ. ನಮ್ಮ ಮೂರು ತಾಲ್ಲೂಕುಗಳು ವೃತ್ತದ ಕೆಳಗಿನ ಅಂಚಿನಲ್ಲಿ ಮುದುಡಿಕೊಂಡಿದ್ದವು. ಉಳಿದ ದುಂಡಗಿನದರಲ್ಲಿ ಬಹುಪಾಲು ಆಂಧ್ರ. ನಾನು ದಿನವಿಡೀ ಕೂತು ಬರೆದ ಕನ್ನಡ, ಕನ್ನಡ ಓದಲು ಬಾರದ ಜನರ ಅಂಗೈಗಳಲ್ಲಿ ಬಿದ್ದಿತ್ತು. ಸಾಹುಕಾರರ ದುಡ್ಡು, ನನ್ನ ಮಾನ ಎರಡೂ ಒಂದೇ ವೃತ್ತದಲ್ಲಿ ಹೋದವು ಅಂದುಕೊಂಡೆ. ಮುಂದಿನ ಕರೆಯವನನ್ನು ತಡೆಯಲಾರದೆ ಕೇಳಿಯೇಬಿಟ್ಟೆ, ಏನಪ್ಪಾ, ಬರೆದಿರುವುದನ್ನು ಓದಿಕೊಂಡೆಯಾ ಅಂತ.

"ಕನ್ನಡ ಚದವಡಂ ರಾದನ್ನಾ" ಎಂದು ಅವನು ನಕ್ಕ. ಓದೋಕೆ ಬರಲ್ಲ. "ಚೀರ ಬಾಗುಂದಿ, ನಂಬರ್ ಉಂದಿ. ಚಾಲ್ದಾ?"

ಸೀರೆ ಚೆನ್ನಾಗಿದೆ, ನಂಬರಿದೆ, ಸಾಲದಾ? ಅವನು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅಂಗಡಿಯ ದಾರಿ ಹೇಳಿ ಫೋನ್ ಇಟ್ಟೆ.

ಸಾಹುಕಾರರಿಗೆ ಫೋನಿನಲ್ಲಿ ಹೇಳುವ ಧೈರ್ಯವಾಗದೆ ಎರಡು ಮೂರು ದಿನ ಕಳೆದ ಮೇಲೆ ಬಸ್ಸು ಹತ್ತಿದೆ. ಆ ಸಲ ಆಂಧ್ರದ ಭಾಗ ಬಂದಾಗ ನಿದ್ದೆ ಬರಲಿಲ್ಲ. ಒಂದೊಂದು ಬೋರ್ಡನ್ನೂ ಕಣ್ಣುಬಿಟ್ಟು ನೋಡಿದೆ, ನಮ್ಮ ಅಕ್ಷರಗಳ ಹಾಗೇ ಕಂಡರೂ ಒಂದನ್ನೂ ಪೂರ್ತಿ ಓದಲಾಗಲಿಲ್ಲ. ಏನೇನು ನೆಪ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮಷೀನು ತಪ್ಪು ಮಾಡಿತು ಎನ್ನುವುದು ಒಂದು. ವಯಸ್ಸಾಯಿತು ಎನ್ನುವುದು ಇನ್ನೊಂದು.

ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲದಂತೆ ಚಪ್ಪಲಿಗಳು. ಒಳಗೆ ಹಾಸಿನ ತುಂಬ ಜನ, ಎಲ್ಲರದೂ ತೆಲುಗು. ಸಾಹುಕಾರರು ಗಲ್ಲಾದಿಂದಲೇ ಕೈ ಎತ್ತಿದರು.

"ರಾಂಡಿ ಸಾ, ಬನ್ನಿ ಬನ್ನಿ! ಏನ್ ಮಂತ್ರ ಹಾಕ್ಬುಟ್ರಿ ಸಾ? ಹಿಂದೂಪುರದೋರು ಪಾವಗಡಕ್ ಬಂದು ಜವಳಿ ತಗೋತಾರೆ ಅಂದಿದ್ರೆ ನಮ್ಮಪ್ಪ ನಂಬ್ತಿರ್ಲಿಲ್ಲ. ಅಲ್ಲಿಗೆ ನಾವೇ ಹೋಗ್ತಿದ್ವಿ ಸಾ, ಬಟ್ಟೆ ತರಾಕೆ!"

"ಎಲ್ಲಾ ಪ್ಲಾನು, ಸಾಹುಕಾರ್ರೇ" ಎಂದೆ. ನನ್ನ ಬಾಯಿಗೆ ನನ್ನದೇ ಅನುಮತಿ ಬೇಕಾಗಿರಲಿಲ್ಲ.

"ಅಂಗಾದ್ರೆ ಪ್ಲಾನ್ ನಿಲ್ಲುಸ್ಬ್ಯಾಡಿ. ಕಾಫಿ ತರ್ಸ್ತೀನಿ ಕುಂತ್ಕಳಿ."

ಕೂತೆ. ಬಹಳ ವರ್ಷಗಳ ಮೇಲೆ ಒಂದು ಅಂಗಡಿಯಲ್ಲಿ ಭಯವಿಲ್ಲದೆ ಕಾಫಿ ಕುಡಿದೆ. ಲೋಟ ಕೆಳಗಿಡುವಷ್ಟರಲ್ಲಿ ಸಾಹುಕಾರರ ಸೊಸೆ ಬಂದಳು. ಹಿಂದೂಪುರದ ಕಡೆಯ ಹೆಣ್ಣುಮಗಳು, ಅಂಗಡಿಯ ಲೆಕ್ಕವೆಲ್ಲ ಅವಳದೇ. ಮಾತು ಮೃದು, ಕಣ್ಣು ಚುರುಕು.

"ಅಂಕಲ್, ಫೋಟೋ ಮೇಲ್ಗಡೆ ನೀವ್ ಬರ್ದಿದೀರಲ್ಲ, ಅದನ್ನ ತೆಲುಗಲ್ ಹಾಕ್ಬೋದಾ?"

"ನನಗೆ ತೆಲುಗು ಬರೆಯೋಕೆ ಬರಲ್ಲಮ್ಮ."

"ಪರ್ವಾಗಿಲ್ಲ ಅಂಕಲ್. ಬರ್ಯೋದೇ ಬೇಡ ಬಿಡಿ, ನಾನೇ ಸೀರೆ ಹಿಡ್ಕೊಂಡ್ ನಿಂತು ಮಾತಾಡ್ತೀನಿ. ಆ ಸರ್ಕಲ್ ಹಾಕೋದ್ ಹೆಂಗೆ ಅಂತ ಒಂಚೂರ್ ತೋರ್ಸ್ಕೊಡ್ತೀರಾ?"

ತೋರಿಸಿಕೊಟ್ಟೆ. ಬೇರೇನು ಮಾಡಬಹುದಿತ್ತು? ಕಾಫಿ ಕುಡಿದಾಗಿತ್ತು. ಪಾವಗಡದ ಮೇಲೆ ಬೆರಳಿಡಬೇಕು ಎಂದೆ, ಇಟ್ಟಳು. ಹಿಗ್ಗಿಸಬೇಕು ಎಂದೆ. ಹಿಗ್ಗಿಸಿದವಳು ಹಾಗೇ ನಿಲ್ಲಲಿಲ್ಲ, ವೃತ್ತವನ್ನು ಎಳೆದು ಮೇಲಕ್ಕೆ, ಆಂಧ್ರದ ಕಡೆಗೆ ಸರಿಸಿಕೊಂಡಳು. ವೃತ್ತವನ್ನು ಸರಿಸಬಹುದು ಎಂಬುದೇ ನನಗೆ ಗೊತ್ತಿರಲಿಲ್ಲ. ಕೊರಟಗೆರೆ ಹೊರಗೆ ಬಿತ್ತು, ಆಮೇಲೆ ಶಿರಾ, ಆಮೇಲೆ ಮಧುಗಿರಿ. "ಈ ಕಡೆಯಿಂದ ಯಾರೂ ಬರಲ್ವಲ್ಲ ಅಂಕಲ್" ಎಂದಳು, ನಾನು ಈ ಕಡೆಯವನು ಎಂಬುದು ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಮನೆಯಲ್ಲಿ ಹೇಳಿದಾಗ ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಹೇಳ್ಕೊಟ್ಟು ಬಂದ್ರಾ?"

"ಕೇಳಿದಳು. ಪಾಪ, ಒಳ್ಳೆ ಹುಡುಗಿ."

"ಒಳ್ಳೆ ಹುಡ್ಗೀನೇ. ನಾನೇನ್ ಅವ್ಳನ್ನ ಅಂದ್ನಾ?"

ಮುಂದಿನ ಸೀಜನ್ನಿಗೆ ನಾನು ಎಂದಿನಂತೆ ಪಂಚಾಂಗ ನೋಡಿ ಮುಹೂರ್ತಗಳನ್ನು ಬರೆದಿಟ್ಟುಕೊಂಡೆ. ಪ್ರೆಸ್ಸಿನವರಿಗೂ ಹೇಳಿದ್ದೆ. ಸಾಹುಕಾರರಿಗೆ ಫೋನ್ ಮಾಡಿದರೆ "ಈ ಸಲ ಕಾಗ್ದ ಬ್ಯಾಡ ಸಾ. ಸೊಸೆ ದಿನಾ ಲೈವ್ ಮಾಡ್ತಾಳೆ, ಅಲ್ಲೇ ಬುಕ್ ಮಾಡ್ತಾರೆ ಜನ. ನೀವ್ ಹಾಕ್ಕೊಟ್ಟ ದಾರಿ ಸಾ ಇದೆಲ್ಲ. ನಾನ್ ಮರೆಯಂಗಿಲ್ಲ" ಎಂದರು. ಅವರು ಮರೆಯಲಿಲ್ಲ ಕೂಡ, ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಒಂದು ಪಂಚೆ ಕಳಿಸಿದರು. ಬೈದು ಕಳಿಸಿದ್ದರೆ ಅವರನ್ನು ದ್ವೇಷಿಸಿಕೊಂಡಾದರೂ ಇರುತ್ತಿದ್ದೆ. ಆ ಪಂಚೆ ಉಟ್ಟುಕೊಂಡು ಯಾರನ್ನು ದ್ವೇಷಿಸುವುದು?

ಅವಳ ಲೈವ್ ನಾನೂ ನೋಡಿದ್ದೇನೆ. ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು, ನೋಡುವವರನ್ನು ಅಕ್ಕಾ, ವದಿನಾ ಎಂದು ಸ್ವಂತ ಅಕ್ಕ ಅತ್ತಿಗೆಯರ ಹಾಗೆ ಕರೆಯುತ್ತಾ, ಮಧ್ಯೆ ಮಧ್ಯೆ ಮಗುವಿಗೆ ಊಟ ಆಯಿತೇ ಎಂದು ಒಳಗೆ ಕೂಗುತ್ತಾ ಮಾರುತ್ತಾಳೆ. ಚೆನ್ನಾಗಿಲ್ಲ ಎನ್ನಲು ಒಂದಾದರೂ ಕಾರಣ ಸಿಕ್ಕೀತೇ ಎಂದು ಕೊನೆಯವರೆಗೂ ನೋಡಿದೆ. ಚೆನ್ನಾಗಿತ್ತು. ಅಷ್ಟು ಹೊತ್ತೂ ಅಳತೆ ಮಾಡಿ ಜೋಡಿಸಿದ ಒಂದು ಮಾತೂ ಅವಳ ಬಾಯಿಂದ ಬರಲಿಲ್ಲ, ಬೇಕಾಗಲೂ ಇಲ್ಲ.

ರೂಮು ಬಿಟ್ಟುಕೊಡುತ್ತೇನೆಂದು ಮಾಲೀಕರಿಗೆ ಹೇಳಿದ ವಾರವೇ ಮತ್ತೆ ಪಾವಗಡದ ಕರೆ ಬಂತು. ಎಂದಿನಂತೆ ಎರಡು ರಿಂಗು ಬಿಟ್ಟು ಎತ್ತಿದೆ.

"ಸಾ, ನೀವ್ ಬರ್ಲೇಬೇಕು. ನಿಮ್ದೇ ಕೆಲ್ಸ ಇದು. ಬೋರ್ಡ್‌ನಾಗೆ ಕನ್ನಡ ದೊಡ್ಡದಾಗಿ ಇರ್ಬೇಕಂತೆ, ಪುರಸಭೆಯೋರು ನೋಟೀಸ್ ಕೊಟ್ಟವ್ರೆ. ನಮ್ ಬೋರ್ಡ್‌ನಾಗೆ ಈಗ ತೆಲುಗು, ಇಂಗ್ಲಿಷ್ ಜಾಸ್ತಿ ಆಗ್ಬುಟೈತೆ. ಏನ್ ಬರೀಬೇಕು ನೀವೇ ಹೇಳ್ಬೇಕು."

ನಿಮ್ಮದೇ ಕೆಲಸ ಎಂದ ಮೇಲೆ ನನಗೆ ನಿದ್ದೆ ಬರಲಿಲ್ಲ. ಅಂಗಡಿ ಅಗಲದ ಬೋರ್ಡು, ಅದರ ತುಂಬ ಕನ್ನಡ. ಹಾಳೆಗಟ್ಟಲೆ ಬರೆದೆ. ಧಾರೆ ಸೀರೆಯನ್ನು ತೆಗೆದು ಬಾಸಿಂಗ ತಂದೆ, ಬಾಸಿಂಗ ತೆಗೆದು ತವರಿನ ಉಡಿ ತಂದೆ. ಬಸ್ಸಿನಲ್ಲೂ ತಿದ್ದಿದೆ. ಪಾವಗಡ ಬರುವಷ್ಟರಲ್ಲಿ ಒಂದು ಸಾಲು ಸರಿಯಾಗಿ ಕೂತಿತ್ತು. ಈ ಇಷ್ಟೂ ವರ್ಷಗಳಲ್ಲಿ ಅದಕ್ಕಿಂತ ಒಳ್ಳೆಯದನ್ನು ನಾನು ಬರೆದಿಲ್ಲ ಎಂದು ಇವತ್ತಿಗೂ ಅನ್ನಿಸುತ್ತದೆ.

ಸಾಹುಕಾರರು ಕಾಗದವನ್ನು ದೂರ ಹಿಡಿದು ಓದಿದರು. ಸೊಸೆಯ ಕಡೆ ನೋಡಿದರು. ಅವಳು ಅಳತೆ ಟೇಪು ಹಿಡಿದು ನಿಂತಿದ್ದಳು.

"ಚೆನ್ನಾಗೈತೆ ಸಾ. ಆದ್ರೆ ಇಷ್ಟೆಲ್ಲ ಬ್ಯಾಡ. ಅಂಗಡಿ ಹೆಸ್ರು, ಕೆಳಗೆ ಜವಳಿ ಮಳಿಗೆ. ಅಷ್ಟ್ ಸಾಕು. ಪುರಸಭೆಯೋರು ಬಂದು ಫೋಟೋ ತಕ್ಕಂಡ್ ಹೋಗಾಕೆ ತಾನೆ?"

"ಅಕ್ಷರ ದಪ್ಪಗಿದ್ರೆ ಸಾಕು ಅಂಕಲ್" ಎಂದು ಅವಳು ಸೇರಿಸಿದಳು. "ಲೆಟರ್ಸ್ ಕಮ್ಮಿ ಇದ್ರೆ ದಪ್ಪಗೆ ಬರುತ್ತೆ."

ಬೋರ್ಡು ಏರಿಸುವ ದಿನವೂ ಕರೆದರು, ಹೋದೆ. ಏಣಿ ಹಾಕಿ ಇಬ್ಬರು ಅದನ್ನು ಎತ್ತಿ ನಿಲ್ಲಿಸುವಾಗ ನಾನು ರಸ್ತೆಯ ಆಚೆ ಬದಿಯಲ್ಲಿ ನಿಂತು ಎಡಕ್ಕೆ, ಬಲಕ್ಕೆ ಎಂದು ಕೈ ಮಾಡಿದೆ. ಅಂಗಡಿಯ ಹೆಸರು, ಕೆಳಗೆ ಜವಳಿ ಮಳಿಗೆ. ಒಂದೊಂದು ಅಕ್ಷರವೂ ನನ್ನ ತೊಡೆಯುದ್ದ. ಏಣಿ ತೆಗೆದುಕೊಂಡು ಅವರು ಹೋದರು.

ಆಗ ಒಂದು ಟೆಂಪೋ ಬಂದು ನನ್ನ ಪಕ್ಕದಲ್ಲೇ ನಿಂತಿತು. ಆಂಧ್ರದ ನಂಬರು. ಹೆಂಗಸರು, ಮಕ್ಕಳು, ಊರುಗೋಲು ಹಿಡಿದ ಒಬ್ಬ ಅಜ್ಜಿ ಇಳಿದರು. ಅವರಲ್ಲಿ ಒಬ್ಬಾಕೆ ಸೀದಾ ನನ್ನ ಹತ್ತಿರ ಬಂದು ಫೋನ್ ಮುಂದೆ ಹಿಡಿದಳು. ಅದರಲ್ಲಿ ಸಾಹುಕಾರರ ಸೊಸೆ ಹೆಗಲ ಮೇಲೆ ಕೆಂಪು ಸೀರೆ ಹಾಕಿಕೊಂಡು ಏನೋ ಹೇಳುತ್ತಿದ್ದಳು.

"ಅನ್ನಾ, ಈ ಅಮ್ಮಾಯಿ ಶಾಪು ಎಕ್ಕಡ?"

ಈ ಹುಡುಗಿಯ ಅಂಗಡಿ ಎಲ್ಲಿ? ಎದುರಿಗೇ ಇತ್ತು. ನಾನು ಬೋರ್ಡಿನ ಕಡೆ ಕೈ ಎತ್ತಿದೆ. ಅವರು ಬೋರ್ಡು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದರು.

"ಇದೇನಮ್ಮಾ" ಎಂದೆ, ಇದೇ ಅಮ್ಮಾ ಎಂದು ಅವರ ಭಾಷೆಯಲ್ಲಿ. "ಇಕ್ಕಡೇ. ಲೋಪಲಿಕಿ ಪೋಂಡಿ."

ಒಬ್ಬರ ಕೈ ಒಬ್ಬರು ಹಿಡಿದುಕೊಂಡು ರಸ್ತೆ ದಾಟಿ ಒಳಗೆ ಹೋದರು. ಅಜ್ಜಿ ಹಿಂದುಳಿದಿದ್ದಳು, ಅವಳನ್ನು ದಾಟಿಸಿ ಬಂದೆ. ಆಮೇಲೆ ಬೋರ್ಡಿನ ಬಲತುದಿ ಸ್ವಲ್ಪ ಇಳಿದಿದೆಯೇನೋ ಎಂದು ಅನುಮಾನ ಬಂದು, ಮಧುಗಿರಿ ಬಸ್ಸು ಹೊರಡುವ ತನಕ ಅಲ್ಲೇ ನಿಂತು ನೋಡುತ್ತಿದ್ದೆ.